ತಮ್ಮ ಜಿಮ್‌ನಲ್ಲಿ ಸ್ಟಿರಾಯ್ಡ್ ಸೂಜಿ ಹಾಕಿಸಿಕೊಳ್ಳುತ್ತಿದ್ದಾನೆ, ಓದಿದ್ದು ತಲೆಯಲ್ಲಿ ನಿಲ್ಲಲ್ಲ ಅಂತಾನೆ. ಸಂಬಂಧ ಇದೆಯಾ?

ಜೇವರ್ಗಿ ರಸ್ತೆ
ನಮಸ್ಕಾರ ಎಲ್ಲರಿಗೂ. ಮನೆ ವಿಷಯ, ಹಾಗಾಗಿ ಯಾರು ಏನು ಅಂತ ಕೇಳಬೇಡಿ.

ನನ್ನ ತಮ್ಮನಿಗೆ 17. ಕಲಬುರಗಿಯಲ್ಲೇ ಸೆಕೆಂಡ್ ಪಿಯು, ಸೈನ್ಸ್. ಹೋದ ವರ್ಷ ಜಿಮ್ ಸೇರಿದಾಗ ನಮಗೆಲ್ಲ ಖುಷಿಯೇ ಆಗಿತ್ತು, ಸದ್ಯ ಮೊಬೈಲ್ ಕೆಳಗಿಟ್ಟನಲ್ಲ ಅಂತ. ದೀಪಾವಳಿ ಹೊತ್ತಿಗೆ ಹಳೇ ಶರ್ಟ್ ಒಂದೂ ಆಗದಷ್ಟು ಮೈ ತುಂಬಿಕೊಂಡ. ಜೊತೆಗೆ ಬೆನ್ನ ತುಂಬ ಮೊಡವೆ, ಮಾತೆತ್ತಿದರೆ ಸಿಟ್ಟು. ಮೊನ್ನೆ ಅವನ ಬ್ಯಾಗಿನಲ್ಲಿ ಎರಡು ಬಾಟಲಿ ಸಿಕ್ಕವು. ಒಂದರ ಮೇಲೆ ಟೆಸ್ಟೋಸ್ಟೆರಾನ್ ಎನಾಂಥೇಟ್, ಇನ್ನೊಂದರ ಮೇಲೆ ನ್ಯಾಂಡ್ರೋಲೋನ್ ಅಂತ ಇದೆ. ಎರಡೂ ಮೈ ಬೆಳೆಸೋ ಸ್ಟಿರಾಯ್ಡ್. ಕೇಳಿದರೆ, "ಎಲ್ಲರೂ ತಗೋತಾರೆ ಅಣ್ಣಾ, ವಿಟಮಿನ್ ಇದ್ದ ಹಾಗೆ" ಅಂದ.

ಲಿವರ್, ಹಾರ್ಟ್ ಬಗ್ಗೆ ಓದಿಕೊಂಡಿದ್ದೇನೆ. ನನ್ನ ಪ್ರಶ್ನೆ ಬೇರೆ. ಇವನು ಇತ್ತೀಚೆಗೆ "ಓದಿದ್ದು ನಿಲ್ಲಲ್ಲ, ಪುಟ ತಿರುಗಿಸಿದರೆ ಹಿಂದಿನದು ಹೋಗಿರುತ್ತೆ" ಅಂತಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದ ಹುಡುಗ. ಸೂಜಿಗೂ ತಲೆಗೂ ಸಂಬಂಧ ಇದೆಯಾ, ಅಥವಾ ನಾನೇ ಸುಮ್ನೆ ಎರಡನ್ನೂ ಗಂಟು ಹಾಕ್ತಿದ್ದೇನಾ? ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮೊದಲು ಬೆಲ್ಟು, ಆಮೇಲೆ ಮಾತು.

ಬ್ರಹ್ಮಪುರ ಹುಡುಗ
ವಿಟಮಿನ್ ಆಗಿದ್ರೆ ಅಂಗನವಾಡಿಯಲ್ಲೇ ಕೊಡ್ತಿದ್ರು ಬಿಡಿ.

ಔಷಧ ಅಂಗಡಿ ಕಾಕಾ
ತಮ್ಮಾ, ಆ ಎರಡೂ ಶೆಡ್ಯೂಲ್ ಎಚ್ ಔಷಧ. ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಜಿಮ್‌ನಲ್ಲಿ ಕೈಗೆ ಕೊಟ್ಟಿದ್ದಾರೆ ಅಂದರೆ ಅದು ಎಲ್ಲಿಂದ ಬಂತು ಅಂತ ಆ ಕೊಟ್ಟವನಿಗೂ ಗೊತ್ತಿರಲ್ಲ. ಲೇಬಲ್ ಮೇಲೆ ಬರೆದಿದ್ದೇ ಒಳಗಿದೆ ಅಂತಲೂ ನಂಬಬೇಡಿ. ಇನ್ನೊಂದು ಮಾತು, ಇದನ್ನು ಇವತ್ತೇ ಕೇಳಿ: ಒಂದೇ ಬಾಟಲಿಯಿಂದ ಎಷ್ಟು ಹುಡುಗರು ಎಳೆದುಕೊಂಡಿದ್ದಾರೆ, ಸೂಜಿ ಹಂಚಿಕೊಂಡಿದ್ದಾರಾ? ಹೌದು ಅಂದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು. ತಲೆಯ ಮಾತು ಆಮೇಲೆ.

ಶಹಾಬಾದ್ ಅವ್ವ
ನನ್ನ ಮಗನೂ ಡಬ್ಬಿ ಪೌಡರ್ ಕುಡೀತಾನೆ. ಅದೂ ಸ್ಟಿರಾಯ್ಡೇ ಏನ್ರೀ? ನಮ್ಮ ಮಾವನವರಿಗೆ ದಮ್ಮಿಗೆ ಅಂತ ಡಾಕ್ಟರೇ ಸ್ಟಿರಾಯ್ಡ್ ಕೊಟ್ಟಿದ್ದರು. ಅವರಿಗೆ ಈಗಲೂ 40 ವರ್ಷದ ಹಿಂದಿನ ಸಾಲದ ಲೆಕ್ಕ ಬಾಯಲ್ಲೇ ಇದೆ.

ಒಪಿಡಿ ಚೀಟಿ
ಅಕ್ಕಾ, ನಿಮ್ಮ ಮಾವನವರು ತಗೊಂಡಿದ್ದು ಬೇರೆ ಜಾತಿ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಇವೆಲ್ಲ ಕಾರ್ಟಿಕೋ ಸ್ಟಿರಾಯ್ಡ್, ಊತ ಇಳಿಸೋಕೆ. ಜಿಮ್‌ನವು ಅನಾಬಾಲಿಕ್ ಸ್ಟಿರಾಯ್ಡ್, ಟೆಸ್ಟೋಸ್ಟೆರಾನ್ ಮತ್ತು ಅದರ ತಮ್ಮಂದಿರು. ದಮ್ಮಿನ ಔಷಧವನ್ನು ಈ ಚರ್ಚೆ ಓದಿ ನಿಲ್ಲಿಸಬೇಡಿ ದಯವಿಟ್ಟು.

ಡಬ್ಬಿ ಪೌಡರ್ ಅಂದರೆ ಸಾಮಾನ್ಯವಾಗಿ ವೇ ಪ್ರೋಟೀನ್, ಹಾಲಿನಿಂದ ಬಂದದ್ದು. ಅದು ಸ್ಟಿರಾಯ್ಡ್ ಅಲ್ಲ. ಆದರೆ ಕೆಲವು ಅಗ್ಗದ ಸಪ್ಲಿಮೆಂಟ್‌ಗಳಲ್ಲಿ ಕದ್ದು ಸ್ಟಿರಾಯ್ಡ್ ಬೆರೆಸಿದ್ದು ಹೊರದೇಶಗಳಲ್ಲೂ ಸಿಕ್ಕಿದೆ. ಬಿಲ್ ಇಲ್ಲದ, ಬ್ಯಾಚ್ ನಂಬರ್ ಇಲ್ಲದ ಡಬ್ಬಿ ಬೇಡ.

ಕಬ್ಬಿಣದ ಕೋಚ್
ಪ್ರತಿ ಸಲ ಜಿಮ್‌ನವರ ಮೇಲೇ ಬೀಳ್ತೀರಲ್ಲ ಸರ್. ನಾನೂ ಟ್ರೇನರ್. ನಮ್ಮ ಹುಡುಗರಿಗೆ ನ್ಯಾಚುರಲ್ ಆಗೇ ಮಾಡಿ ಅಂತ ಹೇಳ್ತೀವಿ, ಅವರೇ ಹೊರಗಿಂದ ತರ್ತಾರೆ. ಮೂರು ತಿಂಗಳಲ್ಲಿ ರಿಸಲ್ಟ್ ಬೇಕು ಅಂತಾರೆ.

ಇನ್ನು ವಿಜ್ಞಾನದ ಮಾತು. ಟೆಸ್ಟೋ ಅನ್ನೋದು ದೇಹದಲ್ಲೇ ಇರೋ ಹಾರ್ಮೋನ್. 1996ರಲ್ಲಿ ಅಮೆರಿಕದಲ್ಲಿ ಸರಿಯಾದ ಪ್ರಯೋಗವೇ ಆಗಿದೆ, ವಾರಕ್ಕೆ 600 ಮಿಲಿಗ್ರಾಂ, 10 ವಾರ. ವ್ಯಾಯಾಮ ಮಾಡದವರಿಗೂ ಸ್ನಾಯು ಬೆಳೀತು. ಯಾರಿಗೂ ತಲೆ ಕೆಟ್ಟಿಲ್ಲ. ಮರೆವು ಬಂತು ಅಂದ್ರೆ ಹುಡುಗ ಓದ್ತಿಲ್ಲ ಅಷ್ಟೇ. ಎಲ್ಲದಕ್ಕೂ ಸ್ಟಿರಾಯ್ಡ್ ಅಂದ್ರೆ ಹೇಗೆ?

ಇಲಿ ಮನೆ
ಕೋಚ್ ಸರ್, ಆ ಪ್ರಯೋಗ ನಾನೂ ಓದಿದ್ದೇನೆ. ಅದರಲ್ಲಿದ್ದವರು 19ರಿಂದ 40 ವರ್ಷದ ಆರೋಗ್ಯವಂತ ಗಂಡಸರು. ಡಾಕ್ಟರ ಕಣ್ಣ ಮುಂದೆ, ಬರೀ 10 ವಾರ. ನೆನಪಿನ ಶಕ್ತಿ ಅಳೆಯೋದು ಅವರ ಉದ್ದೇಶವೇ ಆಗಿರಲಿಲ್ಲ. ಅದನ್ನು 17ರ ಹುಡುಗನಿಗೆ ಹಚ್ಚೋದು ಹೇಗೆ?

ಮೂಲ ಪ್ರಶ್ನೆಗೆ ಬರ್ತೀನಿ. ನಾನು ಶರೀರಶಾಸ್ತ್ರದಲ್ಲಿ ಸಂಶೋಧನೆ ಮಾಡ್ತಿರೋದು, ಕೆಲಸ ಹಿಪೊಕ್ಯಾಂಪಸ್ ಮೇಲೆ. ಹೊಸದನ್ನು ಕಲಿತು ನೆನಪಿಗೆ ಇಳಿಸೋ ಮಿದುಳಿನ ಭಾಗ ಅದು. ಕಲಿಯೋದು ಅಂದರೆ ಅಲ್ಲಿ ನಡೆಯೋದು ಇಷ್ಟು: ನರಕೋಶಗಳ ನಡುವಿನ ಸಂಪರ್ಕ ಬಲವಾಗುತ್ತೆ, ಇಲ್ಲಾ ಸಡಿಲವಾಗುತ್ತೆ. 1973ರಲ್ಲಿ ಬ್ಲಿಸ್ ಮತ್ತು ಲೋಮೋ ಅನ್ನೋರು ಮೊಲಗಳ ಮೇಲೆ ಇದನ್ನು ತೋರಿಸಿದರು. ಒಂದು ನರದ ದಾರಿಗೆ ಬೇಗ ಬೇಗ ಕರೆಂಟ್ ಮುಟ್ಟಿಸಿದರೆ, ಆಮೇಲೆ ಗಂಟೆಗಟ್ಟಲೆ ಆ ಸಂಪರ್ಕ ಜೋರಾಗೇ ಉಳಿಯುತ್ತೆ. ಎಲ್‌ಟಿಪಿ ಅಂತಾರೆ. ಈ ಸಂಪರ್ಕಗಳು ಕೂರೋದು ನರಕೋಶದ ಎಳೆಗಳ ಮೇಲಿರೋ ಮುಳ್ಳಿನಂಥ ಸಣ್ಣ ಮೊನೆಗಳ ಮೇಲೆ. ಅವುಗಳ ಹೆಸರು ಸ್ಪೈನ್.

ಟೆಸ್ಟೋಸ್ಟೆರಾನ್ ಮಿದುಳಿಗೆ ಹೋಗಿ ಸುಮ್ನೆ ಕೂರಲ್ಲ. ಅರೋಮಟೇಸ್ ಅನ್ನೋ ಕಿಣ್ವ ಅದನ್ನು ಈಸ್ಟ್ರಡಯಾಲ್ ಅನ್ನೋ ಹೆಣ್ಣು ಹಾರ್ಮೋನ್ ಮಾಡುತ್ತೆ. ಇನ್ನೊಂದು ಕಿಣ್ವ ಡಿಎಚ್‌ಟಿ ಅನ್ನೋ ಇನ್ನೊಂದು ಗಂಡು ಹಾರ್ಮೋನ್ ಮಾಡುತ್ತೆ. ಎರಡೂ ಹಿಪೊಕ್ಯಾಂಪಸ್‌ನಲ್ಲೇ ಕೆಲಸ ಮಾಡ್ತವೆ. ಗಂಡು ಇಲಿಯ ಬೀಜ ತೆಗೆದರೆ ಅಲ್ಲಿನ ಸ್ಪೈನ್‌ಗಳು ಕಡಿಮೆ ಆಗ್ತವೆ. ಟೆಸ್ಟೋಸ್ಟೆರಾನ್ ವಾಪಸ್ ಕೊಟ್ಟರೆ ಮತ್ತೆ ಬರ್ತವೆ. 2003ರ ಹೊತ್ತಿಗೇ ಇದು ಗೊತ್ತಾಗಿದೆ.

ಕಬ್ಬಿಣದ ಕೋಚ್
ನೀವೇ ಹೇಳಿದ್ರಲ್ಲ! ಟೆಸ್ಟೋ ಕೊಟ್ರೆ ಸಂಪರ್ಕ ಬೆಳೆಯುತ್ತೆ. ಕೇಸ್ ಕ್ಲೋಸ್.

ಇಲಿ ಮನೆ
ಇಲ್ಲದವನಿಗೆ ಕೊಟ್ಟರೆ ಸರಿ ಹೋಗುತ್ತೆ ಅಂದೆ. ಇದ್ದವನಿಗೆ ಮೇಲೆ ಸುರಿದರೆ ಇನ್ನೂ ಚೆನ್ನಾಗಿರುತ್ತೆ ಅಂದಿಲ್ಲ. ಗಂಡಸಿನ ದೇಹ ದಿನಕ್ಕೆ ತಯಾರಿಸೋದು ಸುಮಾರು 3ರಿಂದ 10 ಮಿಲಿಗ್ರಾಂ ಟೆಸ್ಟೋಸ್ಟೆರಾನ್. ಜಿಮ್ ಸೈಕಲ್‌ನಲ್ಲಿ, ಅಂದರೆ ಕೆಲವು ವಾರ ಒಂದೇ ಸಮ ಸೂಜಿ ತಗೊಳ್ಳೋ ಸುತ್ತಿನಲ್ಲಿ, ಚಿಕಿತ್ಸೆಯ ಪ್ರಮಾಣದ 10ರಿಂದ 100 ಪಟ್ಟು ತಗೊಳ್ಳೋರಿದ್ದಾರೆ.

ಆ ಮಟ್ಟದಲ್ಲಿ ಪ್ರಾಣಿಗಳಲ್ಲಿ ಏನಾಗುತ್ತೆ ಅಂತ ನೋಡಿ. ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿಸಿ, ನೀರಿನ ಕೆಳಗೆ ಒಂದು ಹಲಗೆ ಮುಚ್ಚಿಟ್ಟು, ಇಲಿಯನ್ನು ಬಿಡ್ತಾರೆ. ಎರಡು ಮೂರು ದಿನದಲ್ಲಿ ಹಲಗೆ ಎಲ್ಲಿದೆ ಅಂತ ಅದು ಕಲಿತುಬಿಡುತ್ತೆ. ನ್ಯಾಂಡ್ರೋಲೋನ್ ಹೆಚ್ಚು ಪ್ರಮಾಣದಲ್ಲಿ ಕೊಟ್ಟ ಇಲಿಗಳು ಈ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಬಂದಿದೆ. ಅದೇ ನ್ಯಾಂಡ್ರೋಲೋನ್ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟೋದನ್ನೂ ತಗ್ಗಿಸಿದೆ. ಬಾಟಲಿ ಮೇಲೆ ಬರೆದದ್ದು ಅದೇ ಹೆಸರಲ್ವಾ?

ಬ್ರಹ್ಮಪುರ ಹುಡುಗ
ಇಲಿಗೂ ಸಿಇಟಿ ಇದೆ ಅಂತಾಯ್ತು.

ಯಾದಗಿರಿ ಮೇಡಂ
ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸ್ತೀನಿ. ಇಂಥ ಹುಡುಗರು ಕ್ಲಾಸಿನಲ್ಲಿ ಕಣ್ಣಿಗೆ ಬೀಳ್ತಾರೆ. ಆದರೆ ಅವರು ಬೆಳಿಗ್ಗೆ 5ಕ್ಕೆ ಜಿಮ್, 7ಕ್ಕೆ ಟ್ಯೂಷನ್, 10ಕ್ಕೆ ಕಾಲೇಜು, ರಾತ್ರಿ 1ರವರೆಗೆ ರೀಲ್ಸ್. ನಿದ್ದೆಗೆಟ್ಟ ತಲೆಯಲ್ಲಿ ಏನು ನಿಲ್ಲುತ್ತೆ? ಓದಿದ್ದು ಗಟ್ಟಿಯಾಗೋದೇ ನಿದ್ದೆಯಲ್ಲಿ. ಒಬ್ಬ ಹುಡುಗನ ಮರೆವನ್ನು ನೋಡಿ ಇದು ಸೂಜಿಯದೇ ಅಂತ ಯಾರೂ ಹೇಳೋಕೆ ಆಗಲ್ಲ.

ಇನ್ನೊಂದು, ಫಲಿತಾಂಶ ಕೆಟ್ಟಿದ್ದಕ್ಕೆಲ್ಲ ಜಿಮ್ ಕಾರಣ ಅಂತ ಶುರು ಮಾಡಬೇಡಿ. 2024ರಲ್ಲಿ ಎಸ್ಸೆಸ್ಸೆಲ್ಸಿ ಪಟ್ಟಿಯ ಕೊನೆಗೆ ನಮ್ಮ ಯಾದಗಿರಿ ಇತ್ತು, 2025ರಲ್ಲಿ ನಿಮ್ಮ ಕಲಬುರಗಿ. ಅದಕ್ಕೆ ಕಾರಣ ಹುಡುಕೋಕೆ ಡಂಬೆಲ್ ಎತ್ತಿ ನೋಡಬೇಕಿಲ್ಲ, ಟೀಚರ್ ಹುದ್ದೆ ಎಷ್ಟು ಖಾಲಿ ಇವೆ ಎಣಿಸಿ.

ಜೇವರ್ಗಿ ರಸ್ತೆ
ಮೇಡಂ, ನಿದ್ದೆ ವಿಷಯ ಖರೇ. ಅವನು ರಾತ್ರಿ 2ಕ್ಕೂ ಎದ್ದಿರ್ತಾನೆ. ನಿದ್ದೆ ಬರಲ್ಲ ಅಂತಾನೆ, ಬೆವರ್ತಾನೆ. ಅದೂ ಇದರಿಂದಲೇ ಏನು?

ಒಪಿಡಿ ಚೀಟಿ
ಆಗಬಹುದು. ಸ್ಟಿರಾಯ್ಡ್ ತಗೊಳ್ಳೋರಲ್ಲಿ ನಿದ್ದೆ ಕೆಡೋದು, ಬಿಪಿ ಏರೋದು, ರಕ್ತ ದಪ್ಪಗಾಗೋದು ಸಾಮಾನ್ಯ. ಹಾಗಾಗಿ ಮೇಡಂ ಹೇಳಿದ್ದು, ಇಲಿ ಮನೆಯವರು ಹೇಳಿದ್ದು ಎರಡೂ ಒಂದಕ್ಕೊಂದು ವಿರುದ್ಧ ಅಲ್ಲ. ಔಷಧ ನೇರವಾಗಿ ಹಿಪೊಕ್ಯಾಂಪಸ್‌ಗೆ ತೊಂದರೆ ಕೊಡಬಹುದು, ನಿದ್ದೆ ಕೆಡಿಸಿ ಸುತ್ತು ಬಳಸಿಯೂ ಕೊಡಬಹುದು. ಸಿಟ್ಟು, ಆತಂಕ ಇದ್ದರಂತೂ ಪುಸ್ತಕದ ಮುಂದೆ ಕೂತರೂ ಗಮನ ಇರಲ್ಲ.

ಗರಡಿ ಮನೆ ಬೀದರ್
ನಮ್ಮ ಕಾಲದಲ್ಲಿ ತಾಲೀಮಿನಲ್ಲಿ ಮಣ್ಣು, ಮಲ್ಲಕಂಬ, ಬಾದಾಮಿ ಹಾಲು, ಜೋಳದ ರೊಟ್ಟಿ. ಜಾತ್ರೆಯ ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದವರಿದ್ದರು. ಒಬ್ಬನಾದರೂ ಸೂಜಿ ಮುಟ್ಟಿದ್ದನಾ? ಉಸ್ತಾದರು ಒಂದು ಮಾತು ಹೇಳಿದರೆ ಮುಗೀತು. ಈಗಿನ ಮೈ ಗಾಳಿ ತುಂಬಿದ ಮೈ.

ಔಷಧ ಅಂಗಡಿ ಕಾಕಾ
ಪೈಲ್ವಾನರೇ, ನಿಮ್ಮ ತಾಲೀಮಿನ ಬಗ್ಗೆ ಗೌರವ ಇದೆ. ಆದರೆ ಹಳೇ ಕಾಲ ಪೂರ್ತಿ ಶುದ್ಧ ಅನ್ನಬೇಡಿ. ಡಯನಬಾಲ್ ಅನ್ನೋ ಸ್ಟಿರಾಯ್ಡ್ ಗುಳಿಗೆ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ 9.79 ಸೆಕೆಂಡಿಗೆ ಓಡಿ, ಪರೀಕ್ಷೆಯಲ್ಲಿ ಸ್ಟಾನೋಜೊಲಾಲ್ ಅನ್ನೋ ಸ್ಟಿರಾಯ್ಡ್ ಸಿಕ್ಕು, ಪದಕ ಕಳೆದುಕೊಂಡ. ಆಗ ನಾನು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಪೇಪರ್ ಓದಿ ಆ ಹೆಸರಿನ ಗುಳಿಗೆ ಕೇಳಿಕೊಂಡು ಬಂದವರಿದ್ದರು!

ಗರಡಿ ಮನೆ ಬೀದರ್
ಓಡೋರ ಮಾತು ಬೇರೆ, ಕುಸ್ತಿ ಬೇರೆ. ಅಷ್ಟೇ ಹೇಳ್ತೀನಿ.

ಇಲಿ ಮನೆ
ಕೋಚ್ ಸರ್ ಇನ್ನೊಂದು ಪ್ರಶ್ನೆ ಕೇಳ್ತಾರೆ ಅಂತ ಕಾಯ್ತಿದ್ದೆ, ಕೇಳಲಿಲ್ಲ. ನಾನೇ ಹೇಳ್ತೀನಿ, ಯಾಕಂದ್ರೆ ಅದು ಅವರ ಪರವಾಗಿ ಕಾಣುತ್ತೆ. 2007ರಲ್ಲಿ ಹರೆಯಕ್ಕೆ ಬರ್ತಿದ್ದ ಗಂಡು ಇಲಿಗಳಿಗೆ ಸ್ಟಿರಾಯ್ಡ್ ಕೊಟ್ಟು ನೋಡಿದರು. ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಲ್ಲಿ ಸ್ಪೈನ್‌ಗಳು ಕಡಿಮೆ ಆಗಲಿಲ್ಲ, ಜಾಸ್ತಿ ಆದವು.

ಕಬ್ಬಿಣದ ಕೋಚ್
ಆಯ್ತಲ್ಲ ಮತ್ತೆ! ಜಾಸ್ತಿ ಆದ್ರೆ ಒಳ್ಳೇದೇ ತಾನೆ?

ಇಲಿ ಮನೆ
ಅಲ್ಲ, ಇಲ್ಲೇ ಇರೋದು ವಿಷಯ. ಮಗುವಿನ ಮಿದುಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಂಪರ್ಕಗಳಿರ್ತವೆ. ಹರೆಯದಲ್ಲಿ ಬಳಸದೇ ಇರೋದನ್ನು ಮಿದುಳು ತಾನೇ ಕತ್ತರಿಸಿ ಹಾಕುತ್ತೆ. ಮಿದುಳಿನ ಮುಂಭಾಗದಲ್ಲಿ ಈ ಕೆಲಸ 20 ದಾಟಿದ ಮೇಲೂ ನಡೆಯುತ್ತೆ. ಯೋಚಿಸಿ ನಿರ್ಧಾರ ಮಾಡೋ, ಸಿಟ್ಟು ಹಿಡಿಯೋ ಭಾಗ ಅದು. ಕಲಿಕೆ ಚೊಕ್ಕ ಆಗೋದೇ ಈ ಕತ್ತರಿಸುವಿಕೆಯಿಂದ. ಕತ್ತರಿಸೋ ಹೊತ್ತಿನಲ್ಲಿ ಹೊರಗಿಂದ ಹಾರ್ಮೋನ್ ತಂದು ಸುರಿದು, ಎಲ್ಲೆಂದರಲ್ಲಿ ಮೊನೆ ಮೂಡಿಸಿದರೆ ಅದಕ್ಕೆ ಬೆಳವಣಿಗೆ ಅನ್ನೋಕೆ ಆಗಲ್ಲ. ಮಿದುಳಿನಲ್ಲಿ ಭಾವನೆಯ ಭಾಗವಾದ ಅಮಿಗ್ಡಲಾದಲ್ಲಿ ಸಂಪರ್ಕ ಹೆಚ್ಚಾದರೆ ಹೆಚ್ಚೋದು ಮಾರ್ಕ್ಸ್ ಅಲ್ಲ, ಭಯ ಮತ್ತು ಸಿಟ್ಟು ಇರಬಹುದು.

ದೊಡ್ಡವರಿಗೂ ಹುಡುಗರಿಗೂ ವ್ಯತ್ಯಾಸ ಇರೋದು ಇಲ್ಲಿ. ಬೆಳೆದ ಮಿದುಳಿನಲ್ಲಿ ಹಾರ್ಮೋನ್ ಮಾಡೋ ಕೆಲಸ ಹೆಚ್ಚಾಗಿ ಸ್ವಿಚ್ಚಿನದು, ಇದ್ದಷ್ಟು ಹೊತ್ತು ಪರಿಣಾಮ. ಬೆಳೆಯೋ ಮಿದುಳಿನಲ್ಲಿ ಅದು ರಚನೆಯನ್ನೇ ತಿದ್ದುತ್ತೆ. ಹುಟ್ಟೋ ಮೊದಲು ಹೀಗಾಗುತ್ತೆ ಅಂತ 1959ರಲ್ಲೇ ಗಿನಿ ಹಂದಿಗಳಲ್ಲಿ ತೋರಿಸಿದ್ದರು. ಹರೆಯವೂ ಅಂಥದ್ದೇ ಎರಡನೇ ಅವಧಿ ಅಂತ ಆಮೇಲೆ ಗೊತ್ತಾಯ್ತು.

ಭೀಮಾ ದಂಡೆ ರೈತ
ನನಗೆ ಮಿದುಳು ಗೊತ್ತಿಲ್ರೀ, ತೊಗರಿ ಗೊತ್ತು. ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಕುಡಿ ಚಿವುಟಿದರೆ ಗಿಡ ಕೊಂಬೆ ಒಡೆದು ಇಳುವರಿ ಕೊಡುತ್ತೆ. ಅದೇ ಕೈ, ಅದೇ ಚಿವುಟು, ಹೂ ಬಿಡೋ ಹೊತ್ತಿಗೆ ಮಾಡಿದರೆ ಬೆಳೆ ಹೋಯ್ತು. ನೀವು ಹೇಳ್ತಿರೋದು ಇದೇ ಅಲ್ವಾ, ಯಾವ ಹೊತ್ತಿನಲ್ಲಿ ಅನ್ನೋದು ಮುಖ್ಯ?

ಇಲಿ ಮನೆ
ಕಾಕಾ, ನಾನು ಎರಡು ಪ್ಯಾರಾ ಬರೆದಿದ್ದನ್ನು ನೀವು ಮೂರು ಸಾಲಿನಲ್ಲಿ ಹೇಳಿಬಿಟ್ರಿ.

ಸೇಡಂ ಕಲ್ಲು
ಕಾಕಾ, ಕುಡಿ ಚಿವುಟೋಕೆ ಈಗ ಬ್ಯಾಟರಿ ಮಷೀನ್ ಬಂದಿದೆಯಲ್ಲ, ನೀವು ತಗೊಂಡ್ರಾ? ನಮ್ಮಲ್ಲಿ ಆಳು ಸಿಗ್ತಿಲ್ಲ.

ಭೀಮಾ ದಂಡೆ ರೈತ
ಬಾಡಿಗೆಗೆ ತಂದು ಮಾಡಿದೆವು. ಕೆಲಸ ಬೇಗ ಆಗುತ್ತೆ. ಚಿವುಟಿದ್ದು ಆಯ್ತು, ಆಮೇಲೆ ನೆಟೆ ರೋಗ ಬಂದು ಅರ್ಧ ಹೊಲ ಒಣಗಿತು. 2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್ ಬಂತು ಅಂತ ಎಲ್ಲರೂ ಪೇಢೆ ಹಂಚಿದರು. ಟ್ಯಾಗ್ ನೆಟೆಗೆ ಏನು ಮಾಡುತ್ತೆ?

ಬ್ರಹ್ಮಪುರ ಹುಡುಗ
ನೆಟೆ ರೋಗಕ್ಕೆ ಟೆಸ್ಟೋ ಕೊಟ್ಟು ನೋಡಿ ಕಾಕಾ, ವಿಟಮಿನ್ ಇದ್ದ ಹಾಗೆ.

ಸೇಡಂ ಕಲ್ಲು
😂😂

ಖಾಕಿ ಕನಸು
ವಿಷಯ ತಪ್ಪಿಸಬೇಡಿ. ನಾನು ಪೊಲೀಸ್ ಕಾನ್‌ಸ್ಟೇಬಲ್‌ಗೆ ತಯಾರಿ ಮಾಡ್ತಿದ್ದೇನೆ. ಎದೆ ಅಳತೆ 86 ಸೆಂಟಿಮೀಟರ್ ಬೇಕು, ಉಸಿರೆಳೆದರೆ 5 ಹೆಚ್ಚಾಗಬೇಕು. ನಮ್ಮ ಬ್ಯಾಚ್‌ನಲ್ಲಿ ಎದೆ ಬರಲ್ಲ ಅಂತ ಸೂಜಿ ತಗೊಳ್ಳೋರು ಇದ್ದಾರೆ. ಅವರು ಜಿಮ್ ಶೋಕಿಗೆ ತಗೊಳ್ತಿಲ್ಲ, ನೌಕರಿಗೆ. ಬೈಯೋದು ಸುಲಭ. ಮನೆಯಲ್ಲಿ ಮೂರು ಎಕರೆ ಒಣ ಭೂಮಿ ಇದ್ದವನ ಕಷ್ಟ ಬೇರೆ.

ಒಪಿಡಿ ಚೀಟಿ
ತಮ್ಮಾ, ನಿನ್ನ ಮಾತು ಒಪ್ಪಿದೆ. ಆದರೆ ಅಲ್ಲಿ ಎತ್ತರವೂ 168 ಬೇಕಲ್ಲ? ಹರೆಯದಲ್ಲಿ ಸ್ಟಿರಾಯ್ಡ್ ತಗೊಂಡರೆ ಅದು ಈಸ್ಟ್ರಡಯಾಲ್ ಆಗಿ ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿ ಬೇಗ ಮುಚ್ಚಿಬಿಡುತ್ತೆ. ಇನ್ನೂ ಎತ್ತರ ಬೆಳೆಯಬೇಕಿದ್ದ ಹುಡುಗ ಅಲ್ಲೇ ನಿಲ್ತಾನೆ. ಎದೆ ಸಿಕ್ಕಿತು, ಎತ್ತರ ಹೋಯ್ತು. ಅದನ್ನು ತಿರುಗಿ ಪಡೆಯೋ ಔಷಧ ಇಲ್ಲ. ನಿನ್ನ ಬ್ಯಾಚ್‌ನ ಹುಡುಗರಿಗೆ ಬೇರೆ ಏನೂ ಹೇಳಬೇಡ, ಇದೊಂದು ಹೇಳು. ಮಿದುಳಿನ ಮಾತಿಗಿಂತ ಇದು ಬೇಗ ತಲೆಗೆ ಹೋಗುತ್ತೆ.

ಖಾಕಿ ಕನಸು
ಇದು ಗೊತ್ತಿರಲಿಲ್ಲ ಸರ್. ಗ್ರೂಪಿಗೆ ಹಾಕ್ತೀನಿ.

ಹಾಸ್ಟೆಲ್ ರೂಂ 9
ನನ್ನ ರೂಂಮೇಟ್ ಕಥೆ. ಇಂಜಿನಿಯರಿಂಗ್ ಮೊದಲ ವರ್ಷದಿಂದ ಸೈಕಲ್ ಮೇಲೆ ಸೈಕಲ್. ತಗೊಳ್ಳುವಾಗ ರಾಜ. ರೂಮಿನ ಕನ್ನಡಿ ಅವನದೇ. ಮೂರನೇ ವರ್ಷ ಮನೆಯಲ್ಲಿ ಗೊತ್ತಾಗಿ, ದುಡ್ಡು ನಿಂತು, ಒಂದೇ ದಿನಕ್ಕೆ ಎಲ್ಲ ಬಂದ್. ಆಮೇಲೆ ಶುರುವಾಯ್ತು. ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಮೆಸ್‌ಗೂ ಬರ್ತಿರಲಿಲ್ಲ. ಇಂಟರ್ನಲ್ಸ್‌ನಲ್ಲಿ ಖಾಲಿ ಪೇಪರ್ ಕೊಟ್ಟು ಬಂದ. "ಪ್ರಶ್ನೆ ಓದಿದೆ, ಏನೂ ಅನ್ನಿಸಲಿಲ್ಲ" ಅಂದ. ನಾವು ಸೋಮಾರಿ ಅಂತ ನಗ್ತಿದ್ದೆವು. ಅವನ ಅಕ್ಕ ಬಂದು ಮಾನಸಿಕ ತಜ್ಞರ ಹತ್ತಿರ ಕರೆದುಕೊಂಡು ಹೋದಮೇಲೆ ಡಿಪ್ರೆಶನ್ ಅಂತ ಗೊತ್ತಾಯ್ತು. ಈಗ ಚೆನ್ನಾಗಿದ್ದಾನೆ, ಹೈದರಾಬಾದ್‌ನಲ್ಲಿ ಕೆಲಸ. ಆದರೆ ಒಂದು ವರ್ಷ ಪೂರ್ತಿ ಹಾಳಾಯ್ತು.

ಒಪಿಡಿ ಚೀಟಿ
ಇದನ್ನು ಹೇಳಿದ್ದಕ್ಕೆ ಥ್ಯಾಂಕ್ಸ್. ಜೇವರ್ಗಿ ರಸ್ತೆಯವರೇ, ದಯವಿಟ್ಟು ಗಮನಿಸಿ. ಹೊರಗಿಂದ ಹಾರ್ಮೋನ್ ಬರ್ತಿದ್ದಾಗ ಮಿದುಳು ವೃಷಣಕ್ಕೆ ಕಳಿಸೋ ಎಲ್‌ಎಚ್, ಎಫ್‌ಎಸ್‌ಎಚ್ ಸಂದೇಶ ನಿಲ್ಲಿಸಿಬಿಡುತ್ತೆ. ಔಷಧ ನಿಂತ ಕೂಡಲೇ ಅದು ವಾಪಸ್ ಶುರುವಾಗಲ್ಲ, ತಿಂಗಳುಗಳು ಬೇಕು. ಆ ಮಧ್ಯದ ಕಾಲದಲ್ಲಿ ಟೆಸ್ಟೋಸ್ಟೆರಾನ್ ನೆಲ ಕಚ್ಚಿರುತ್ತೆ. ಖಿನ್ನತೆ, ಸಾಯುವ ಯೋಚನೆ ಬರೋದು ಆಗಲೇ. ನಿಲ್ಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಟಲಿ ಒಡೆದು ಹಾಕಿ, ಬೈದು, ರೂಮಿಗೆ ಬೀಗ ಹಾಕಿ ನಿಲ್ಲಿಸೋದಲ್ಲ. ಡಾಕ್ಟರ ಕಣ್ಣಳತೆಯಲ್ಲಿ ನಿಲ್ಲಿಸಬೇಕು.

ನಿಮ್ಮ ತಂದೆಯ ಬೆಲ್ಟು ಈ ಹೊತ್ತಿನಲ್ಲಿ ನಿಜಕ್ಕೂ ಅಪಾಯ. ಹೇಳೋದಾದರೆ ಮೊದಲು ತಾಯಿಗೋ, ಅವನು ಮಾತು ಕೇಳೋ ಸೋದರಮಾವನಿಗೋ ಹೇಳಿ. ರಾತ್ರಿ ಹೊತ್ತಿನಲ್ಲಿ ಹುಡುಗ ತೀರಾ ಕುಗ್ಗಿದ ಹಾಗೆ ಕಂಡರೆ 14416ಕ್ಕೆ ಕಾಲ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕಬ್ಬಿಣದ ಕೋಚ್
ಅದಕ್ಕೇ ಪಿಸಿಟಿ ಮಾಡ್ತಾರೆ. ಸೈಕಲ್ ಮುಗಿದ ಮೇಲೆ ಗುಳಿಗೆ ತಗೊಂಡರೆ ಎಲ್ಲ ವಾಪಸ್ ಬರುತ್ತೆ.

ಔಷಧ ಅಂಗಡಿ ಕಾಕಾ
ಆ ಗುಳಿಗೆಗಳಲ್ಲಿ ಒಂದು ಟಾಮಾಕ್ಸಿಫೆನ್, ಸ್ತನ ಕ್ಯಾನ್ಸರಿನ ಔಷಧ. ಇನ್ನೊಂದು ಕ್ಲೋಮಿಫೆನ್, ಮಕ್ಕಳಾಗದ ಹೆಣ್ಣುಮಕ್ಕಳಿಗೆ ಕೊಡೋದು. 17ರ ಹುಡುಗನಿಗೆ ಟ್ರೇನರ್ ಬರೆದುಕೊಡ್ತಾರಾ ಇದನ್ನು? ಕೋಚ್ ಸಾಹೇಬ್ರೆ, ನಿಮ್ಮ ಹುಡುಗರಿಗೆ ನ್ಯಾಚುರಲ್ ಮಾಡಿ ಅಂತೀರಿ, ಪಿಸಿಟಿ ಬಾಯಿಪಾಠ ಹೇಗೆ ಬಂತು?

ಕಬ್ಬಿಣದ ಕೋಚ್
ಕಾಕಾ, ಗೊತ್ತಿರೋದು ಬೇರೆ, ಕೊಡೋದು ಬೇರೆ. ನಾನು ಕೊಡಲ್ಲ. 18ರ ಒಳಗಿನವರಿಗೆ ಯಾರೂ ಕೊಡಬಾರದು ಅಂತ ನಾನೂ ಹೇಳ್ತೀನಿ. ಆದರೆ ಇಲಿ ಅಂದ್ರಿ, ಮೊಲ ಅಂದ್ರಿ. ಮನುಷ್ಯರಲ್ಲಿ ಏನಾದ್ರೂ ಇದೆಯಾ? ಇದ್ರೆ ಹೇಳಿ, ನಮ್ಮ ಜಿಮ್ ಗೋಡೆಗೆ ಅಂಟಿಸ್ತೀನಿ.

ಇಲಿ ಮನೆ
ನ್ಯಾಯವಾದ ಪ್ರಶ್ನೆ. 17ರ ಹುಡುಗರಿಗೆ ಬೇಕಂತಲೇ ಸ್ಟಿರಾಯ್ಡ್ ಕೊಟ್ಟು ಯಾರೂ ಪ್ರಯೋಗ ಮಾಡೋಕೆ ಆಗಲ್ಲ. ಹಾಗಾಗಿ ಇರೋದು ದೊಡ್ಡವರ ಮೇಲಿನ ಅಧ್ಯಯನ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ವರ್ಷಗಟ್ಟಲೆ ಬಳಸಿದವರನ್ನು, ಬಳಸದೆ ಭಾರ ಎತ್ತುವವರ ಜೊತೆ ಹೋಲಿಸಿದರು. ಹಲವು ಪರೀಕ್ಷೆಗಳಲ್ಲಿ ವ್ಯತ್ಯಾಸ ಇರಲಿಲ್ಲ. ನೋಡಿದ ಆಕಾರ, ಜಾಗ ನೆನಪಿಡೋ ಪರೀಕ್ಷೆಯಲ್ಲಿ ಬಳಸಿದವರು ಹಿಂದೆ ಬಿದ್ದರು. ಜೀವಮಾನದಲ್ಲಿ ತಗೊಂಡ ಪ್ರಮಾಣ ಹೆಚ್ಚಿದ್ದಷ್ಟೂ ಕೊರತೆ ಹೆಚ್ಚು. 2017ರಲ್ಲಿ ನಾರ್ವೆಯವರು 82 ಬಳಕೆದಾರರ ಮಿದುಳಿನ ಸ್ಕ್ಯಾನ್ ನೋಡಿದರು. ಬಳಸದ ವೇಟ್‌ಲಿಫ್ಟರ್‌ಗಳಿಗಿಂತ ಇವರ ಮಿದುಳಿನ ಹೊರ ಪದರ ಹಲವು ಕಡೆ ತೆಳುವಾಗಿತ್ತು.

ಇದರಲ್ಲಿ ಒಂದು ಕೊಸರು ಇದೆ, ಅದನ್ನೂ ಗೋಡೆಗೆ ಅಂಟಿಸಿ. ಬಳಸೋ ಮೊದಲೇ ಅವರ ಮಿದುಳು ಹಾಗಿತ್ತೋ ಏನೋ ಅನ್ನೋ ಪ್ರಶ್ನೆಯನ್ನು ಇಂಥ ಹೋಲಿಕೆಯಿಂದ ತಳ್ಳಿಹಾಕೋಕೆ ಆಗಲ್ಲ. ಇಲಿಯ ಪ್ರಯೋಗ ಬೇಕಾಗೋದು ಅದಕ್ಕೇ. ಅಲ್ಲಿ ಯಾರಿಗೆ ಕೊಡಬೇಕು ಅಂತ ನಾವೇ ಚೀಟಿ ಎತ್ತಿ ನಿರ್ಧರಿಸ್ತೀವಿ. ಮನುಷ್ಯರ ಲೆಕ್ಕ, ಇಲಿಗಳ ಲೆಕ್ಕ ಎರಡೂ ಒಂದೇ ದಿಕ್ಕು ತೋರಿಸ್ತಿವೆ. ನನಗೆ ಅಷ್ಟು ಸಾಕು.

ಜೇವರ್ಗಿ ರಸ್ತೆ
ನಿಲ್ಲಿಸಿದರೆ ತಲೆ ಮೊದಲಿನ ಹಾಗೆ ಆಗುತ್ತಾ? ನನಗೆ ಬೇಕಾಗಿರೋದು ಇದೊಂದೇ.

ಇಲಿ ಮನೆ
ಹರೆಯದ ಹ್ಯಾಮ್‌ಸ್ಟರ್‌ಗಳ ಮೇಲೆ ಅಮೆರಿಕದಲ್ಲಿ ತುಂಬ ಕೆಲಸ ಆಗಿದೆ. ಸ್ಟಿರಾಯ್ಡ್ ಕೊಟ್ಟಾಗ ಅವು ಜಗಳಗಂಟಿ ಆದವು. ನಿಲ್ಲಿಸಿ ಕೆಲವು ವಾರಕ್ಕೆ ಜಗಳ ಇಳಿಯಿತು, ಅದರ ಜಾಗಕ್ಕೆ ಆತಂಕ ಬಂತು. ಬೆಳೆದ ಪ್ರಾಣಿಗೆ ಕೊಟ್ಟಾಗಿನ ಪರಿಣಾಮಕ್ಕಿಂತ ಹರೆಯದಲ್ಲಿ ಕೊಟ್ಟಾಗಿನದು ಹೆಚ್ಚು ಕಾಲ ಉಳಿಯಿತು. ಹಾಗಾಗಿ "ಏನೂ ಆಗಲ್ಲ" ಅಂತ ನಾನು ಹೇಳಲ್ಲ.

ಆದರೆ ಯಾವ ವಯಸ್ಸು ಅಪಾಯ ತಂದಿದೆಯೋ ಅದೇ ವಯಸ್ಸು ಸಹಾಯವನ್ನೂ ಮಾಡುತ್ತೆ. ಅವನ ಮಿದುಳು ಇನ್ನೂ ಬದಲಾಗ್ತಾ ಇದೆ. ನಿದ್ದೆ, ಓಟ, ಓದು ಎಲ್ಲದರಿಂದಲೂ ಅಲ್ಲಿ ಹೊಸ ಸಂಪರ್ಕ ಆಗುತ್ತೆ. ಕೆಲವು ತಿಂಗಳಲ್ಲಿ ಹಿಡಿದಿದ್ದೀರಿ, ಹತ್ತು ವರ್ಷ ಬಿಟ್ಟು ಅಲ್ಲ.

ಯಾದಗಿರಿ ಮೇಡಂ
ಜಿಮ್ ಬಿಡಿಸಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಸೂಜಿ ಬಿಡಿಸಿ, ಆ ಜಿಮ್ ಬದಲಿಸಿ, ವ್ಯಾಯಾಮ ಇರಲಿ. ಮೈ ಇಳಿಯೋದನ್ನು ಕನ್ನಡಿಯಲ್ಲಿ ನೋಡೋದು ಆ ಹುಡುಗರಿಗೆ ನಾವಂದುಕೊಂಡಷ್ಟು ಸಣ್ಣ ವಿಷಯ ಅಲ್ಲ. ಎಷ್ಟು ದಪ್ಪ ಇದ್ದರೂ ತಾನು ತೆಳ್ಳಗಿದ್ದೇನೆ ಅನ್ನಿಸೋದು ಒಂದು ಕಾಯಿಲೆಯೇ. ತಮಾಷೆ ಮಾಡಬೇಡಿ, ಮನೆಯವರಿಗೂ ಹೇಳಿ.

ಶಹಾಬಾದ್ ಅವ್ವ
ಹೆಣ್ಣುಮಕ್ಕಳೂ ತಗೋತಾರಂತೆ ಖರೇನಾ?

ಒಪಿಡಿ ಚೀಟಿ
ಕಡಿಮೆ, ಆದರೆ ಇದ್ದಾರೆ ಅಕ್ಕಾ. ಅವರಲ್ಲಿ ಧ್ವನಿ ಗಡಸಾದರೆ ಔಷಧ ನಿಲ್ಲಿಸಿದರೂ ವಾಪಸ್ ಬರಲ್ಲ.

ಗರಡಿ ಮನೆ ಬೀದರ್
ಜೇವರ್ಗಿ ರಸ್ತೆ ತಮ್ಮಾ, ಹುಡುಗನನ್ನು ರಜೆಗೆ ಬೀದರಿಗೆ ಕಳಿಸು. ನಮ್ಮ ತಾಲೀಮಿನಲ್ಲಿ ಇರಲಿ. ನಾನು ತಮಾಷೆಗೆ ಹೇಳ್ತಿಲ್ಲ.

ಕಬ್ಬಿಣದ ಕೋಚ್
ಪೈಲ್ವಾನರ ತಾಲೀಮಿಗೆ ನಾನೂ ಬರ್ತೀನಿ, ಬಾದಾಮಿ ಹಾಲು ಇದ್ರೆ. ಇಲಿ ಮನೆ ಸರ್, ಆ ಎತ್ತರದ ವಿಷಯ ಮತ್ತು ನಾರ್ವೆ ವಿಷಯ ಪ್ರಿಂಟ್ ಹಾಕಿಸ್ತಿದ್ದೇನೆ. ಕೊಸರು ಸಣ್ಣ ಅಕ್ಷರದಲ್ಲಿ ಹಾಕ್ತೀನಿ.

ಇಲಿ ಮನೆ
ದೊಡ್ಡ ಅಕ್ಷರದಲ್ಲೇ ಹಾಕಿ ಸರ್. ಸುಳ್ಳು ಹೇಳಿ ಹೆದರಿಸಿದರೆ ಹುಡುಗರು ಒಂದು ದಿನ ಕಂಡುಹಿಡಿದು, ಖರೇ ಮಾತನ್ನೂ ನಂಬಲ್ಲ.

ಜೇವರ್ಗಿ ರಸ್ತೆ
ನಿನ್ನೆ ರಾತ್ರಿ ಮಾಮನನ್ನು ಕರೆಸಿ ಕೂರಿಸಿದೆವು. ಮಾಮ ಬೈಯಲಿಲ್ಲ. ಎತ್ತರದ ವಿಷಯ ಹೇಳಿದ. ಅವನಿಗೆ ಅದು ತಾಕಿತು. ಇವನು ಈಗ 166, 170 ಆಗಬೇಕು ಅಂತ ಆಸೆ. ಡಾಕ್ಟರ ಹತ್ತಿರ ಬರ್ತೀನಿ ಅಂದಿದ್ದಾನೆ, ಅಪ್ಪನಿಗೆ ಹೇಳಬಾರದು ಅನ್ನೋ ಷರತ್ತಿನ ಮೇಲೆ. ಸೂಜಿ ಹಂಚಿಕೊಂಡಿಲ್ಲ ಅಂತಾನೆ, ಆದರೂ ಪರೀಕ್ಷೆ ಮಾಡಿಸ್ತೀವಿ. ಏನೇನು ಟೆಸ್ಟ್, ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಒಪಿಡಿ ಚೀಟಿ
ಒಳ್ಳೇ ಸುದ್ದಿ. ಖಾಲಿ ಹೊಟ್ಟೆ, ಬೆಳಿಗ್ಗೆ 10ರ ಒಳಗೆ ರಕ್ತ ಕೊಡಬೇಕು. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿರುತ್ತೆ, ಮಧ್ಯಾಹ್ನ ನೋಡಿದರೆ ಲೆಕ್ಕ ತಪ್ಪುತ್ತೆ. ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಸಿಬಿಸಿ ಅಂದರೆ ರಕ್ತಕಣಗಳ ಎಣಿಕೆ, ಲಿವರ್, ಕೊಲೆಸ್ಟ್ರಾಲ್, ಮೇಲೆ ಔಷಧ ಅಂಗಡಿ ಕಾಕಾ ಹೇಳಿದ ಮೂರು. ಬಿಪಿ ಮತ್ತು ಇಸಿಜಿ ಕೂಡ. ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ಡಾಕ್ಟರ್ ಸಿಗದಿದ್ದರೆ ಎಂಡಿ ಮೆಡಿಸಿನ್ ಆದವರು ಸಾಕು ಶುರುವಿಗೆ. ಎರಡೂ ಬಾಟಲಿ ಜೊತೆಗೆ ತಗೊಂಡು ಹೋಗಿ, ಎಸೀಬೇಡಿ. ಮತ್ತೆ ನೀವು ಸ್ವಲ್ಪ ಹೊತ್ತು ಹೊರಗೆ ಕೂತು, ಅವನು ಒಬ್ಬನೇ ಡಾಕ್ಟರ್ ಜೊತೆ ಮಾತಾಡೋಕೆ ಬಿಡಿ.

ಔಷಧ ಅಂಗಡಿ ಕಾಕಾ
ಸೋಮವಾರ ಹೋಗಬೇಡಿ, ಎಲ್ಲ ಕಡೆ ಒಪಿಡಿ ತುಂಬಿರುತ್ತೆ. ಮಂಗಳವಾರ ಹೋಗಿ.